ಹದಿನಾರರ ಹರೆಯದ ಕಾದಂಬರಿಕಾರ್ತಿ

ಮಕ್ಕಳ ಸಾಹಿತ್ಯ ನಮಗೆ ಪರಿಚಿತ. ಪ್ರೌಢ ಕಾದಂಬರಿಯೂ ಪರಿಚಿತ. ಇವೆರಡರ ನಡುವೆ, ಬಾಲ್ಯ ಕಳೆದು ತಾರುಣ್ಯ ಇನ್ನೂ ಕೈಗೂಡದ ವಯಸ್ಸಿನವರಿಗೆಂದೇ ಬರೆಯುವ ಕಾದಂಬರಿ ಅಮೆರಿಕದಲ್ಲಿ ಒಂದು ಪ್ರತ್ಯೇಕ ಪ್ರಕಾರವಾಗಿ ಬೇರುಬಿಟ್ಟಿದೆ. ಅದರ ಚರಿತ್ರೆ ಹೇಳುವವರು 1967ನೆಯ ಇಸವಿಯಲ್ಲಿ ಒಮ್ಮೆ ನಿಂತೇ ಮುಂದೆ ಹೋಗುತ್ತಾರೆ. ನಮ್ಮಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹೊರಬಂದ ವರ್ಷವದು. ಆ ವರ್ಷವೇ ನ್ಯೂಯಾರ್ಕಿನ ವೈಕಿಂಗ್ ಪ್ರಕಾಶನ 'ದಿ ಔಟ್‌ಸೈಡರ್ಸ್' ಎಂಬ ಪುಟ್ಟ ಕಾದಂಬರಿಯನ್ನು ಪ್ರಕಟಿಸಿತು. ಮುಖಪುಟದಲ್ಲಿದ್ದ ಹೆಸರು ಎಸ್. ಇ. ಹಿಂಟನ್. ಸೂಸನ್ ಎಲೋಯಿಸ್ ಎಂಬ ಹೆಸರು ಹೀಗೆ ಮೊದಲಕ್ಷರಗಳ ಹಿಂದೆ ಮರೆಯಾದುದಕ್ಕೆ ಕಾರಣವಿತ್ತು. ಬೀದಿಯ ಹುಡುಗರ ಹೊಡೆದಾಟವನ್ನು ಹೆಣ್ಣುಮಗಳೊಬ್ಬಳು ಬರೆದಿದ್ದಾಳೆಂದರೆ ವಿಮರ್ಶಕರು ಹಗುರವಾಗಿ ಕಂಡಾರೆಂಬ ಅಳುಕು ಪ್ರಕಾಶಕರದು.

ಹಿಂಟನ್ ಹುಟ್ಟಿದ್ದು 1948ರಲ್ಲಿ, ಓಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ. ಹದಿನೈದರಲ್ಲಿ ಬರೆಯತೊಡಗಿ, ಬಹುಭಾಗವನ್ನು ಹದಿನಾರರಲ್ಲಿ ಬರೆದರು. ಆ ದಿನಗಳಲ್ಲಿಯೇ ತಂದೆ ಮೆದುಳಿನ ಕಾಯಿಲೆಯಿಂದ ತೀರಿಕೊಂಡರು. ಸಿನಿಮಾ ನೋಡಿ ಮನೆಗೆ ನಡೆದು ಬರುತ್ತಿದ್ದ ಗೆಳೆಯನೊಬ್ಬನನ್ನು ಸಿರಿವಂತರ ಮಕ್ಕಳು ಹೊಡೆದದ್ದು ಕಥೆಗೆ ಬೀಜವಾಯಿತು. ಅಂದಿನ ಹದಿಹರೆಯದ ಪುಸ್ತಕಗಳಲ್ಲಿ ನೃತ್ಯಕೂಟಗಳೂ ಮುಗ್ಧ ಪ್ರಣಯಗಳೂ ಧಾರಾಳವಾಗಿದ್ದವು. ತಾನು ಕಂಡ ಬದುಕು ಮಾತ್ರ ಇರಲಿಲ್ಲ. ಪ್ರಕಾಶಕರ ಒಪ್ಪಂದಪತ್ರ ಕೈಸೇರಿದ್ದು ಹೈಸ್ಕೂಲಿನ ಘಟಿಕೋತ್ಸವದ ದಿನ. ಕಾದಂಬರಿ ಬರೆಯುತ್ತಿದ್ದ ವರ್ಷ ಸೃಜನಶೀಲ ಬರವಣಿಗೆಯ ತರಗತಿಯಲ್ಲಿ ಆಕೆಗೆ ದೊರೆತದ್ದು 'ಡಿ' ದರ್ಜೆ! ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಆಯುಷ್ಯ ಸವೆಸಿದ ನನ್ನಂಥವರು ಇದನ್ನು ಓದಿ ತುಸು ತಲೆ ತಗ್ಗಿಸಬೇಕಾಗುತ್ತದೆ.

ಕಥಾನಾಯಕ ಪೋನಿಬಾಯ್ ಹದಿನಾಲ್ಕರ ಹುಡುಗ. ತಂದೆತಾಯಿ ಅಪಘಾತದಲ್ಲಿ ಗತಿಸಿದ್ದಾರೆ. ಇಬ್ಬರು ಅಣ್ಣಂದಿರೇ ಆಸರೆ. ಊರ ಬಡಹುಡುಗರಿಗೂ ಧನಿಕರ ಮಕ್ಕಳಿಗೂ ನಡುವಿನ ವೈರ ಒಂದು ಕೊಲೆಯಲ್ಲಿ ಮುಟ್ಟಿ ನಿಲ್ಲುತ್ತದೆ. ಕೊಂದವನು ಗುಂಪಿನಲ್ಲೆಲ್ಲ ಅತ್ಯಂತ ಅಂಜುಬುರುಕನಾದ ಜಾನಿ. ಮುಂದೆ ಉರಿಯುವ ಚರ್ಚಿನೊಳಗೆ ನುಗ್ಗಿ ಮಕ್ಕಳನ್ನು ಉಳಿಸುವವನೂ ಅವನೇ. ಕೊನೆಯಲ್ಲಿ ತಿಳಿಯುವುದೆಂದರೆ, ನಾವು ಓದಿದ್ದೆಲ್ಲ ಪೋನಿಬಾಯ್ ತನ್ನ ಇಂಗ್ಲಿಷ್ ಮೇಷ್ಟರಿಗೆ ಬರೆದುಕೊಡಬೇಕಾಗಿದ್ದ ಪ್ರಬಂಧ. ಭಾವಾತಿರೇಕ ಇದೆ, ನಿಜ. ಆದರೆ ಆ ವಯಸ್ಸಿನ ದುಃಖಕ್ಕೆ ಅತಿರೇಕವಲ್ಲದೆ ಬೇರೆ ಭಾಷೆ ಎಲ್ಲಿಯದು?

ಹತ್ತೊಂಬತ್ತು ತುಂಬುವುದರೊಳಗೆ ಬಂದ ಕೀರ್ತಿ ಆಕೆಯ ಲೇಖನಿಯನ್ನೇ ಕಟ್ಟಿಹಾಕಿತು. ಮೂರುನಾಲ್ಕು ವರ್ಷ ಏನನ್ನೂ ಬರೆಯಲಾಗಲಿಲ್ಲ. ಮನಸ್ಸು ಖಿನ್ನತೆಗೆ ಜಾರಿತು. ಹುಡುಗಿಯಾಗಿ ನಿರಾಯಾಸವಾಗಿ ಬರೆದದ್ದನ್ನು ಈಗ ಲೇಖಕಿಯಾಗಿ ಬರೆಯಬೇಕು. ಪ್ರತಿ ವಾಕ್ಯದ ಹಿಂದೆಯೂ ಓದುಗ ಸಮೂಹ ನಿಂತಂತೆ. ಬಿಡುಗಡೆಯ ದಾರಿ ತೋರಿದವರು ಮುಂದೆ ಆಕೆಯನ್ನು ವರಿಸಿದ ಡೇವಿಡ್ ಇನ್‌ಹೋಫ್. ದಿನಕ್ಕೆ ಎರಡು ಪುಟ ಬರೆಯದಿದ್ದರೆ ಸಂಜೆ ಜೊತೆಗೂಡಿ ಹೊರಗೆ ಹೋಗುವಂತಿಲ್ಲ ಎಂಬುದು ಅವರ ಕರಾರು. ಸ್ಫೂರ್ತಿಯನ್ನು ಕುರಿತು ನಾವು ಕಾವ್ಯಮೀಮಾಂಸೆಯಲ್ಲಿ ಎಷ್ಟೆಲ್ಲ ಚರ್ಚಿಸಿದ್ದೇವೆ! ಇಲ್ಲಿ ಕೆಲಸಕ್ಕೆ ಬಂದದ್ದು ಎರಡು ಪುಟಗಳ ಲೆಕ್ಕ. ಹೀಗೆ ಅಳೆದು ತೂಗಿ ಬರೆದ 'ದಟ್ ವಾಸ್ ದೆನ್, ದಿಸ್ ಈಸ್ ನೌ' 1971ರಲ್ಲಿ ಬಂತು. ಒಡಹುಟ್ಟಿದವನಂತಿದ್ದ ಗೆಳೆಯ ಮಾದಕ ಗುಳಿಗೆ ಮಾರುತ್ತಿದ್ದಾನೆಂದು ತಿಳಿದು, ನಿರೂಪಕನೇ ಅವನನ್ನು ಪೊಲೀಸರಿಗೆ ಹಿಡಿದುಕೊಡುತ್ತಾನೆ. ತಾನು ಮಾಡಿದ್ದು ಸರಿಯೇ ಎಂಬುದು ಅವನಿಗೆ ಬಗೆಹರಿಯುವುದಿಲ್ಲ, ಲೇಖಕಿಯೂ ಬಗೆಹರಿಸುವುದಿಲ್ಲ. ಮೊದಲ ಕೃತಿಯಷ್ಟು ಜನಪ್ರಿಯವಲ್ಲದ ಇದನ್ನೇ ನಾನು ಹೆಚ್ಚಿನದೆಂದು ಎಣಿಸುತ್ತೇನೆ.

'ರಂಬಲ್ ಫಿಶ್' 1975ರಲ್ಲಿ, 'ಟೆಕ್ಸ್' 1979ರಲ್ಲಿ ಬಂದವು. ಮೊದಲ ಕಾದಂಬರಿಯ ಪಯಣವಂತೂ ವಿಚಿತ್ರ. ಆರಂಭದ ಮಾರಾಟ ಮಂದ; ಉಪಾಧ್ಯಾಯರು ತರಗತಿಗಳಲ್ಲಿ ಓದಿಸತೊಡಗಿದ ಮೇಲೆಯೇ ಅದು ಬೆಳೆದು ಕೋಟಿ ಪ್ರತಿಗಳನ್ನು ದಾಟಿತು. ಹಿಂಸೆಯಿದೆಯೆಂದು ಅದನ್ನು ಹೊರಗಿಟ್ಟ ಶಾಲೆಗಳೂ ಇದ್ದವು. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಬಳಿಯ ಶಾಲೆಯೊಂದರ ಗ್ರಂಥಪಾಲಕಿಯೂ ಮಕ್ಕಳೂ ಸಹಿ ಹಾಕಿ, ಇದನ್ನು ಚಲನಚಿತ್ರ ಮಾಡಿರೆಂದು ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪೋಲಾಗೆ ಪತ್ರ ಬರೆದರು. ಚಿತ್ರ 1983ರಲ್ಲಿ ತೆರೆಕಂಡಿತು. ಹಿಂಟನ್ ಅದರಲ್ಲಿ ದಾದಿಯಾಗಿ ಒಂದು ಗಳಿಗೆ ಕಾಣಿಸಿಕೊಳ್ಳುತ್ತಾರೆ.

ಹದಿಹರೆಯದವರ ಸಾಹಿತ್ಯಕ್ಕೆಂದು ಸ್ಥಾಪಿತವಾದ ಮಾರ್ಗರೆಟ್ ಎಡ್ವರ್ಡ್ಸ್ ಪ್ರಶಸ್ತಿ 1988ರಲ್ಲಿ ಮೊದಲಿಗೆ ಸಂದದ್ದು ಇವರಿಗೇ. ಆ ವರ್ಷದ 'ಟೇಮಿಂಗ್ ದ ಸ್ಟಾರ್ ರನ್ನರ್' ಎಂಬ ಕಾದಂಬರಿಯ ನಾಯಕ, ಹದಿನೈದರಲ್ಲೇ ಪುಸ್ತಕ ಪ್ರಕಟಿಸಹೊರಟ ಹುಡುಗ. ತಮ್ಮ ಹಳೆಯ ಅನುಭವವನ್ನೇ ಅವನಿಗೆ ಧಾರೆಯೆರೆದ ಮೇಲೆ ಆ ವಯಸ್ಸಿನವರಿಗಾಗಿ ಹಿಂಟನ್ ಮತ್ತೆ ಕಾದಂಬರಿ ಬರೆಯಲಿಲ್ಲ. ಹದಿನಾರು ವರ್ಷಗಳ ನಂತರ, 2004ರಲ್ಲಿ, ಅವರು ಪ್ರಕಟಿಸಿದ 'ಹಾಕ್ಸ್ ಹಾರ್ಬರ್' ಹಿರಿಯರಿಗಾಗಿ ಬರೆದ ಕಾದಂಬರಿ.