ನಾಳೆಯಿಂದ ಬರಬೇಡಿ ಎಂದರೆ

ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯಿರಲಿ, ರಥಬೀದಿಯ ಚಿನ್ನದ ಮಳಿಗೆಯಿರಲಿ, ಅಲ್ಲಿ ದುಡಿಯುವವರ ಕೆಲಸ ಹೋಗುವುದು ಹೆಚ್ಚಾಗಿ ಬಾಯಿಮಾತಿನಲ್ಲೇ. “ನಾಳೆಯಿಂದ ಬರುವುದು ಬೇಡ, ಲೆಕ್ಕ ಚುಕ್ತಾ ಮಾಡಿಕೊಳ್ಳಿ” ಎನ್ನುತ್ತಾರೆ ಧಣಿಗಳು. ಅಲ್ಲಿಗೆ ಮುಗಿಯಿತೆಂದು ಇವರೂ ಬಸ್ಸು ಹತ್ತುತ್ತಾರೆ. ಮುಗಿದಿರುವುದಿಲ್ಲ.

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಸತತ ಆರು ತಿಂಗಳು ದುಡಿದವರನ್ನು ತಕ್ಕ ಕಾರಣವಿಲ್ಲದೆ ತೆಗೆಯುವಂತಿಲ್ಲ ಎನ್ನುತ್ತದೆ ಅದರ 39ನೇ ಕಲಮು. ಕಾರಣವಿದ್ದರೂ ಒಂದು ತಿಂಗಳು ಮೊದಲೇ ನೋಟಿಸು ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಕಳವು, ಮೋಸದ ಆರೋಪವಿದ್ದರೆ ನೋಟಿಸು ಬೇಕಿಲ್ಲ, ಆದರೆ ವಿಚಾರಣೆಯಲ್ಲಿ ಅದು ರುಜುವಾತಾಗಬೇಕು. ಗಲ್ಲೆಯಲ್ಲಿ ನೂರು ರೂಪಾಯಿ ಕಮ್ಮಿ ಬಂತೆಂದು ನಾಲ್ಕು ಗಿರಾಕಿಗಳ ಎದುರು ಬೈದು ಹೊರಗೆ ಹಾಕಿದರೆ ಅದು ವಿಚಾರಣೆಯಲ್ಲ. ಹಾಗೆ ಕೆಲಸ ಕಳೆದುಕೊಂಡವರು ಕಾಯ್ದೆಯಡಿ ನಿಗದಿಯಾದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಗಡುವಿದೆ, ತಡಮಾಡಬಾರದು.

ನಮ್ಮವರು ಎಡವುವುದು ಸಹಿ ಹಾಕುವಲ್ಲಿ. ಕೊನೆಯ ಸಂಬಳದ ಜೊತೆ ಒಂದು ಹಾಳೆ ಮುಂದಿಡುತ್ತಾರೆ: “ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ.” ಸಹಿ ಬಿತ್ತೋ, ಅವರು ತೆಗೆದದ್ದು ನೀವು ಬಿಟ್ಟಂತೆ ಆಗಿಬಿಡುತ್ತದೆ. ಓದದೆ ಸಹಿ ಹಾಕಬೇಡಿ, ದಯವಿಟ್ಟು.

ಮನೆಯಲ್ಲಿ ಕೂತು ದುಡಿಯುವವರಿಗೂ ಇಂಥ ರಕ್ಷಣೆ ಸುಮ್ಮನೆ ಸಿಕ್ಕಿದ್ದಲ್ಲ. ಬೀಡಿ ಕಟ್ಟುವವರಿಗಾಗಿ 1966ರಲ್ಲಿ ಬಂದ ಕೇಂದ್ರ ಕಾಯ್ದೆಯನ್ನು ಮಂಗಳೂರು ಗಣೇಶ ಬೀಡಿ ವರ್ಕ್ಸ್ ಸಹಿತ ಹಲವು ಮಾಲೀಕರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಎಲೆ, ತಂಬಾಕು ಒಯ್ದು ಮನೆಯ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸೂ ಕಾನೂನಿನ ಕಣ್ಣಿಗೆ ಕಾರ್ಮಿಕಳೇ ಆದಳು. 2025ರ ನವೆಂಬರ್ 21ರಿಂದ ಇಂಥ ಹಲವು ಕೇಂದ್ರ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ.

ಇನ್ನು ತಾರತಮ್ಯದ ಮಾತು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣೆಂದು ಸಂಬಳ ಕಡಿಮೆ ಕೊಡುವುದು, ಹೆರಿಗೆ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವುದು, ಎಚ್‌ಐವಿ ಇದೆಯೆಂದು ಹೊರಗಟ್ಟುವುದು, ಇವೆಲ್ಲ ಕಾನೂನುಬಾಹಿರ. ಆದರೆ ಜಾತಿ, ಧರ್ಮ ನೋಡಿ ಕೆಲಸ ಕೊಡದ ಖಾಸಗಿ ಮಾಲೀಕರನ್ನು ತಡೆಯುವ ಸಮಗ್ರ ಕಾಯ್ದೆ ನಮ್ಮಲ್ಲಿಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯ ಮಾತಾಡುತ್ತದೆ, ಅಂಗಡಿಯದ್ದಲ್ಲ. ಇಷ್ಟು ಭಾಷೆ, ಇಷ್ಟು ಮತಗಳು ಒಟ್ಟಿಗೆ ಬದುಕುವ ಮಂಗಳೂರಿನಂಥ ಊರಿಗೆ ಇದು ಸಣ್ಣ ಕೊರತೆಯಲ್ಲ. ಶಾಸನಸಭೆ ಅದನ್ನು ತುಂಬಲೇಬೇಕು.

ಅಲ್ಲಿಯವರೆಗೆ ಇರುವ ಹಕ್ಕನ್ನಾದರೂ ಬಿಡಬೇಡಿ. ಕೆಲಸಕ್ಕೆ ಸೇರಿದ 30 ದಿನಗಳೊಳಗೆ ನೇಮಕಾತಿ ಪತ್ರ ಕೊಡಬೇಕೆಂದು ಅದೇ ರಾಜ್ಯ ಕಾಯ್ದೆ ಹೇಳುತ್ತದೆ. ಕೇಳಿ ಪಡೆಯಿರಿ. ಅದರ ಜೊತೆ ಇಎಸ್‌ಐ ಕಾರ್ಡು, ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್ಕು ಜೋಪಾನವಾಗಿಟ್ಟುಕೊಳ್ಳಿ.