ಪದವಿ ಹಾಗೂ ವೈದ್ಯಕೀಯ ವ್ಯಾಸಂಗಕ್ಕೆ ಸ್ಥಳೀಯ ಪ್ರತಿಷ್ಠಾನಗಳ ವಿದ್ಯಾರ್ಥಿವೇತನ: ಗ್ರಾಮ ಪಂಚಾಯತ್ ಸದಸ್ಯರ ಪಾತ್ರ

(ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ತೆಕ್ಕಟ್ಟೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ದ್ವಿತೀಯ ಪಿಯುಸಿ ಫಲಿತಾಂಶವು ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ಆಗಸ್ಟ್‌ವರೆಗಿನ ನಾಲ್ಕು ತಿಂಗಳಲ್ಲಿ ಮಗು ಮುಂದೆ ಓದುವುದೋ, ಅಂಗಡಿಯಲ್ಲೋ ಹೋಟೆಲಿನಲ್ಲೋ ಕೆಲಸಕ್ಕೆ ಸೇರುವುದೋ ಎಂಬುದು ನಿಶ್ಚಯವಾಗಿಬಿಡುತ್ತದೆ. ಈ ಅವಧಿಯಲ್ಲಿ ರಸ್ತೆ, ಚರಂಡಿ, ಕುಡಿಯುವ ನೀರಿನ ವಿಷಯಗಳು ಪಂಚಾಯತಿಯ ಮುಂದೆ ಬಂದೇ ಬರುತ್ತವೆ. ವಿದ್ಯಾರ್ಥಿವೇತನದ ವಿಷಯವಾದರೋ ತಾನಾಗಿ ಬರುವುದಿಲ್ಲ. ಶುಲ್ಕ ಕಟ್ಟಲಾಗದೆ ಓದು ನಿಲ್ಲಿಸಿದ ಮನೆಯವರು ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಹೇಳುವವರಲ್ಲ.

ಕರಾವಳಿಯ ಈ ಭಾಗದಲ್ಲಿ ದಾನಿಗಳ ಕೊರತೆ ಎಂದೂ ಇರಲಿಲ್ಲ. ಮುಂಬಯಿಗೆ ವಲಸೆ ಹೋದವರು ಅಲ್ಲಿ ಕಟ್ಟಿದ ಸಂಸ್ಥೆಗಳನ್ನೇ ನೋಡಬಹುದು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು. ಜಿಎಸ್‌ಬಿ ಸ್ಕಾಲರ್‌ಶಿಪ್ ಲೀಗ್ 1911ರದು. ಬಂಟರ ಸಂಘ 1927ರದು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದ ಪರಂಪರೆ ಅದು. ಊರಿನಲ್ಲಿಯೂ ಡಾ. ಟಿ. ಎಂ. ಎ. ಪೈಯವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬಂತು. ಕುಂದಾಪುರದ ಭಂಡಾರ್ಕಾರ್ಸ್ ಕಾಲೇಜು 1963ರಲ್ಲಿ ಆರಂಭವಾದುದು ಬಹರೈನಿನಲ್ಲಿ ವೈದ್ಯರಾಗಿದ್ದವರೊಬ್ಬರ ಕೊಡುಗೆಯಿಂದ ಎಂಬುದು ಇಲ್ಲಿನ ಹಿರಿಯರಿಗೆ ಗೊತ್ತಿರುವ ಸಂಗತಿಯೇ.

ಪೈಯವರ ಹೆಸರು ಬಂದಾಗ ಇನ್ನೊಂದು ಮಾತನ್ನೂ ನೆನೆಯಬೇಕು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ ಯಶಸ್ವಿಯಾದುದು ಬಡವರು ಬ್ಯಾಂಕಿಗೆ ಹೋದುದರಿಂದಲ್ಲ, ಸಂಗ್ರಾಹಕನು ದಿನವೂ ಅವರ ಬಾಗಿಲಿಗೆ ಹೋದುದರಿಂದ. ಇಂದಿನ ವಿದ್ಯಾರ್ಥಿವೇತನಗಳು ಇದಕ್ಕೆ ತದ್ವಿರುದ್ಧ. ಹಣ ಒಂದೆಡೆ ಕಾದಿರುತ್ತದೆ. ಮಗು ಅದನ್ನು ಹುಡುಕಿಕೊಂಡು ಹೋಗಬೇಕು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವ ಮಗುವಿಗೆ ಎಲ್ಲಿ ಹುಡುಕಬೇಕೆಂಬುದೇ ತಿಳಿದಿರುವುದಿಲ್ಲ. ಆ ಬಾಗಿಲನ್ನು ಬಲ್ಲವರು ವಾರ್ಡಿನ ಸದಸ್ಯರು.

ತೆಕ್ಕಟ್ಟೆ, ಕೋಟ, ಬೀಜಾಡಿ, ಮರವಂತೆ, ಎಲ್ಲಿಯದಾದರೂ ಆಗಬಹುದಾದ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತಂದೆ ಬೆಂಗಳೂರಿನ ಹೋಟೆಲೊಂದರಲ್ಲಿ ಸಪ್ಲೈಯರ್; ತಾಯಿಗೆ ಗೇರುಬೀಜ ಕಾರ್ಖಾನೆಯಲ್ಲಿ ಕೆಲಸ. ಮಗಳು ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ವಿದ್ಯಾರ್ಥಿವೇತನದ ಮಾತೆತ್ತಿದರೆ ತಾಯಿಯಿಂದ ಬರುವ ಮೊದಲ ಉತ್ತರ, "ಅದೆಲ್ಲ ನಮ್ಗ್ ಎಲ್ ಸಿಕ್ಕತ್ತ್ ಮಾರಾಯ್ರೆ?" ಈ ಮಾತಿನಲ್ಲಿ ಅರ್ಧ ಅನುಭವವಿದೆ, ಅರ್ಧ ಸಂಕೋಚ. ಇನ್ನೊಬ್ಬರ ಮುಂದೆ ಕೈಯೊಡ್ಡಬಾರದೆಂಬುದು ಈ ಸೀಮೆಯ ಮನೆಗಳಲ್ಲಿ ಬೇರೂರಿದ ಮರ್ಯಾದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಅರ್ಜಿ ಸಲ್ಲಿಸುವುದು ಬೇಡುವುದಲ್ಲ, ಅಂಕಪಟ್ಟಿಯ ಬಲದಿಂದ ಪಡೆಯುವುದು ಎಂದು ಮನೆಯವರಿಗೆ ಏಕಾಂತದಲ್ಲಿ ತಿಳಿಸಿಹೇಳುವವರು ಬೇಕು. ಇನ್ನು, ಚೆಕ್ ಹಿಡಿದ ಮಗುವಿನ ಛಾಯಾಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚುವ ಅಭ್ಯಾಸವನ್ನು ಸದಸ್ಯರಾದರೂ ಬಿಡುವುದು ಮೇಲು. ಒಂದು ಚಿತ್ರದಿಂದ ಮುಂದಿನ ವರ್ಷ ಮೂರು ಮನೆಗಳವರು ಅರ್ಜಿಯನ್ನೇ ಹಾಕದಿರಬಹುದು.

ನೆರವು ಎಲ್ಲಿದೆ? ಉಡುಪಿಯ ಯಕ್ಷಗಾನ ಕಲಾರಂಗದ ‘ವಿದ್ಯಾಪೋಷಕ್’ ಯೋಜನೆ ಈ ಜಿಲ್ಲೆಯಲ್ಲಿ ಚಿರಪರಿಚಿತ. ಯಕ್ಷಗಾನ ಕಲಾವಿದರ ಕ್ಷೇಮಕ್ಕಾಗಿ ದುಡಿಯುವ ಸಂಸ್ಥೆಯೊಂದು ಬಡ ವಿದ್ಯಾರ್ಥಿಗಳ ಓದನ್ನು ಕೈಗೆತ್ತಿಕೊಂಡು, ಅರ್ಜಿದಾರರ ಮನೆಗೇ ಹೋಗಿ ನೋಡಿ ಆಯ್ಕೆ ಮಾಡುವುದು, ಮನೆಯ ಸ್ಥಿತಿ ತೀರ ಹದಗೆಟ್ಟಿದ್ದರೆ ದಾನಿಗಳ ಮೂಲಕ ಮನೆಯನ್ನೇ ಕಟ್ಟಿಸಿಕೊಡುವುದು ಅಪರೂಪದ ಕ್ರಮ. ಉಡುಪಿಯ ಜಿ. ಶಂಕರ್ ಫ್ಯಾಮಿಲಿ ಟ್ರಸ್ಟ್ ಸಹ ವಿದ್ಯಾರ್ಥಿಗಳಿಗೆ ನೆರವಾಗುತ್ತಾ ಬಂದಿದೆ. ಜಿಲ್ಲೆಯ ಹೊರಗಿನವುಗಳ ಪೈಕಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಎಸ್ಸೆಸ್ಸೆಲ್ಸಿ ಹಾಗೂ ಪಿಯುಸಿಗಳೆರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಮುಗಿಸಿ ಪದವಿ ಅಥವಾ ಡಿಪ್ಲೊಮಾಗೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ನೀಡುತ್ತದೆ. ಇನ್ಫೋಸಿಸ್ ಪ್ರತಿಷ್ಠಾನದ ‘ಸ್ಟೆಮ್ ಸ್ಟಾರ್ಸ್’ ಯೋಜನೆಯು ವಿಜ್ಞಾನ, ತಾಂತ್ರಿಕ ಹಾಗೂ ವೈದ್ಯಕೀಯ ಕೋರ್ಸುಗಳ ಮೊದಲ ವರ್ಷದ ವಿದ್ಯಾರ್ಥಿನಿಯರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡುವಂಥದ್ದು. ಷರತ್ತುಗಳನ್ನು ಪ್ರತಿ ವರ್ಷವೂ ಹೊಸದಾಗಿ ಓದಬೇಕು. ಮೇಲಿನ ಉದಾಹರಣೆಯ ಮಗಳು ಪಿಯುಸಿಯನ್ನು ಖಾಸಗಿ ಕಾಲೇಜಿನಲ್ಲಿ ಓದಿದ್ದರೆ ಪ್ರೇಮ್‌ಜಿ ಯೋಜನೆ ಅವಳಿಗೆ ಅನ್ವಯಿಸದು. ಅದು ತಿಳಿಯದೆ ಅರ್ಜಿ ಹಾಕಿ ಕಾದರೆ, ಅನ್ವಯಿಸುವ ಬೇರೊಂದರ ಗಡುವು ಮುಗಿದುಹೋಗಿರುತ್ತದೆ.

ಸಮುದಾಯದ ಟ್ರಸ್ಟುಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಹಲವು ತಮ್ಮ ಸಮುದಾಯದ ಮಕ್ಕಳಿಗಷ್ಟೇ ಮೀಸಲು. ಉಳ್ಳವರ ಟ್ರಸ್ಟ್ ಇಲ್ಲದ ಸಮುದಾಯಗಳೂ ಇದೇ ಗ್ರಾಮಗಳಲ್ಲಿವೆ. ಕೊರಗ ಸಮುದಾಯದ ಮಗು ಪಿಯುಸಿ ಮುಗಿಸಿದರೆ ಅದರ ಪರವಾಗಿ ಮುಂಬಯಿಯಿಂದ ಯಾರೂ ಪತ್ರ ಬರೆಯುವುದಿಲ್ಲ. ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯು ಇಂತಹ ಮಕ್ಕಳ ಹೆಸರನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಮೆಟ್ರಿಕ್ ನಂತರದ ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ವಿಚಾರಿಸುವುದು ಮೊದಲ ಕೆಲಸ; ಪ್ರತಿಷ್ಠಾನಗಳು ಅನಂತರ.

ಅರ್ಜಿ ತಿರಸ್ಕೃತವಾಗಲು ಬಡತನ ಸಾಲದೆಂಬುದಕ್ಕಿಂತ ಕಾಗದ ಸಾಲದೆಂಬುದೇ ಕಾರಣವಾಗುವುದುಂಟು. ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಮೊದಲಕ್ಷರ ಸೇರಿದ ಇನ್ನೊಂದು, ಬ್ಯಾಂಕ್ ಪುಸ್ತಕದಲ್ಲಿ ಮನೆತನದ ಹೆಸರು ಸೇರಿದ ಮತ್ತೊಂದು. ಇದು ಈ ಕಡೆ ಸರ್ವೇಸಾಮಾನ್ಯ. ತಿದ್ದುಪಡಿಗೆ ವಾರಗಳೇ ಹಿಡಿಯುವುದರಿಂದ ಇದನ್ನು ಪರೀಕ್ಷೆಗೆ ಮೊದಲೇ, ಫೆಬ್ರವರಿಯೊಳಗೆ ನೋಡಿಕೊಳ್ಳಬೇಕು. ಖಾತೆಯು ಮಗುವಿನ ಹೆಸರಿನಲ್ಲಿ ಚಾಲ್ತಿಯಲ್ಲಿರಬೇಕು, ಆಧಾರ್ ಜೋಡಣೆಯಾಗಿರಬೇಕು. ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೆಂದು ಸುಮ್ಮನಿರುವಂತಿಲ್ಲ. ಅದೇ ವರ್ಷದ ಪತ್ರವನ್ನು ಕೇಳುವ ಸಂಸ್ಥೆಯೂ ಇರಬಹುದು. ತಂದೆ ಪರವೂರಿನಲ್ಲಿ ದುಡಿಯುವಾಗ, ಸಂಬಳದ ಚೀಟಿಯೂ ಇಲ್ಲದಿದ್ದಾಗ ಗ್ರಾಮ ಆಡಳಿತಾಧಿಕಾರಿಗಳಿಗೆ ನಿಜಸ್ಥಿತಿ ತಿಳಿಸುವುದರಲ್ಲಿ ಸದಸ್ಯರ ಮಾತಿಗೆ ತೂಕವಿದೆ.

ವೈದ್ಯಕೀಯ ವ್ಯಾಸಂಗದ ವಿಷಯವನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಉಡುಪಿ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಲ್ಲ. ಇರುವವು ಕಾರವಾರ, ಶಿವಮೊಗ್ಗದಂತಹ ಹೊರಗಿನ ಊರುಗಳಲ್ಲಿ. ಆದ್ದರಿಂದ ಸರ್ಕಾರಿ ಸೀಟು ಸಿಕ್ಕಿದ ಮಗುವಿಗೂ ವಸತಿ, ಊಟ, ಪ್ರಯಾಣದ ವೆಚ್ಚ ತಪ್ಪದು. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದ ಸೀಟಾದರೆ ವರ್ಷದ ಶುಲ್ಕವೇ ಒಂದೂವರೆ ಲಕ್ಷ ರೂಪಾಯಿಯ ಆಸುಪಾಸಿಗೆ ಬರುತ್ತದೆ.

ಇದಕ್ಕಿಂತ ದೊಡ್ಡ ತೊಡಕು ದಿನಾಂಕಗಳದ್ದು. ನೀಟ್ ಪರೀಕ್ಷೆ ಮೇ ತಿಂಗಳಲ್ಲಿ, ಫಲಿತಾಂಶ ಜೂನ್‌ನಲ್ಲಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯ ಸುತ್ತುಗಳು ಈಚಿನ ವರ್ಷಗಳಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೂ, ಅದರಾಚೆಗೂ ಸಾಗಿವೆ. ಪದವಿ ಕಾಲೇಜುಗಳ ವೇಳಾಪಟ್ಟಿಯನ್ನು ಅನುಸರಿಸುವ ಟ್ರಸ್ಟುಗಳು ಜೂನ್, ಜುಲೈ ತಿಂಗಳಲ್ಲಿ ಅರ್ಜಿ ಮುಚ್ಚಿದರೆ, ಸೀಟು ದೊರೆಯುವ ಹೊತ್ತಿಗೆ ನೆರವಿನ ಬಾಗಿಲು ಹಾಕಿರುತ್ತದೆ. ಇದಕ್ಕೆ ಪರಿಹಾರ ಸರಳ. ಪಿಯುಸಿ ಅಂಕಪಟ್ಟಿ ಮತ್ತು ನೀಟ್ ಫಲಿತಾಂಶದೊಂದಿಗೆ ಗಡುವಿನೊಳಗೆ ಅರ್ಜಿ ಸಲ್ಲಿಸಿ, ಸೀಟು ಹಂಚಿಕೆ ಪತ್ರವನ್ನು ಅನಂತರ ಸಲ್ಲಿಸಲು ಅವಕಾಶ ಕೋರಿ ಲಿಖಿತವಾಗಿ ಕೇಳಬೇಕು. ಕೇಳಿದರೆ ಒಪ್ಪುವ ಸಂಸ್ಥೆಗಳು ಇದ್ದೇ ಇರುತ್ತವೆ. ಕೇಳದವರಿಗಾಗಿ ಯಾರೂ ಕಾಯುವುದಿಲ್ಲ.

ಎರಡನೆಯದು, ಸೀಟು ಸಿಕ್ಕಿದ ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟಬೇಕು. ವಿದ್ಯಾರ್ಥಿವೇತನ ತಿಂಗಳುಗಳ ಮೇಲೆ ಬರುತ್ತದೆ. ಈ ನಡುವಿನ ಅಂತರದಲ್ಲಿಯೇ ಚಿನ್ನ ಅಡವಿಡುವುದು, ಕೈಸಾಲ ಮಾಡುವುದು. ಕೇಂದ್ರ ಸರ್ಕಾರವು 2024ರ ನವೆಂಬರ್‌ನಲ್ಲಿ ಅನುಮೋದಿಸಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಜಾಮೀನಿಲ್ಲದ ಸಾಲವಿದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ಸಹಾಯಧನವಿದೆ. ರಾಜ್ಯದ ನಿಗಮಗಳ ‘ಅರಿವು’ ಸಾಲವೂ ಉಂಟು. ಬ್ಯಾಂಕ್ ವ್ಯವಸ್ಥಾಪಕರೊಂದಿಗೆ ಜುಲೈಯಲ್ಲಿಯೇ ಮಾತನಾಡಿಟ್ಟವರಿಗೆ ಸೀಟು ಬಂದ ದಿನ ಗಾಬರಿಯಿರುವುದಿಲ್ಲ.

ಮೂರನೆಯದು ನವೀಕರಣ. ಎಂಬಿಬಿಎಸ್‌ನ ಮೊದಲ ಹಂತ ಮುಗಿದು ಫಲಿತಾಂಶ ಬರಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಜೂನ್‌ನಲ್ಲಿ ‘ಕಳೆದ ವರ್ಷದ ಅಂಕಪಟ್ಟಿ’ ಕೇಳುವ ನಮೂನೆಗೆ ಆ ಮಗುವಿನ ಬಳಿ ಉತ್ತರವೇ ಇಲ್ಲ. ಪ್ರಾಂಶುಪಾಲರ ವ್ಯಾಸಂಗ ಪ್ರಮಾಣಪತ್ರ ಹಾಗೂ ಆಂತರಿಕ ಪರೀಕ್ಷೆಯ ಅಂಕಗಳನ್ನು ಲಗತ್ತಿಸಿ ವಿವರಣೆ ಕೊಡದಿದ್ದರೆ, ಪ್ರತಿಭಾವಂತ ವಿದ್ಯಾರ್ಥಿಯೇ ‘ನವೀಕರಿಸಿಲ್ಲ’ ಎಂಬ ಪಟ್ಟಿಗೆ ಸೇರಿಹೋಗುತ್ತಾನೆ. ಕೋರ್ಸಿನ ಅವಧಿ ನಾಲ್ಕೂವರೆ ವರ್ಷ, ಅನಂತರ ಒಂದು ವರ್ಷದ ಇಂಟರ್ನ್‌ಶಿಪ್. ನಾಲ್ಕು ವರ್ಷಗಳ ನೆರವು ಘೋಷಿಸಿದ ದಾನಿಗೆ ಉಳಿದ ಆರು ತಿಂಗಳ ಮಾತನ್ನು ಮೊದಲೇ ತಿಳಿಸುವುದು ಒಳಿತು.

ಸ್ಥಳೀಯ ಟ್ರಸ್ಟಿನ ಮೊತ್ತ ಚಿಕ್ಕದೆಂದು ಕೆಲವರು ಅರ್ಜಿಯನ್ನೇ ಹಾಕುವುದಿಲ್ಲ. ಒಂದೇ ಸಂಸ್ಥೆ ಇಡೀ ಶುಲ್ಕ ಭರಿಸುವುದು ವಿರಳ, ನಿಜ. ಆದರೆ ಓದು ನಿಲ್ಲುವುದು ಶುಲ್ಕದಿಂದ ಮಾತ್ರವಲ್ಲ. ಬಸ್ ಪಾಸು, ಹಾಸ್ಟೆಲಿನ ಊಟದ ಬಾಕಿ, ಶರೀರರಚನಾ ಶಾಸ್ತ್ರದ ದಪ್ಪ ಪುಸ್ತಕಗಳಿಂದಲೂ ನಿಲ್ಲುತ್ತದೆ. ಎರಡು ಮೂರು ಕಡೆಯ ಸಣ್ಣ ಮೊತ್ತಗಳು ಸೇರಿ ಇವನ್ನು ದಾಟಿಸುತ್ತವೆ. ಬೇರೆಡೆಯಿಂದ ನೆರವು ಪಡೆಯುತ್ತಿದ್ದರೆ ಅದನ್ನು ಅರ್ಜಿಯಲ್ಲಿ ನಮೂದಿಸಲೇಬೇಕು. ಮುಚ್ಚಿಟ್ಟದ್ದು ಮುಂದೆ ತಿಳಿದರೆ ಎರಡೂ ಹೋಗುತ್ತವೆ.

ಇನ್ನು ಸದಸ್ಯರು ಬರೆದುಕೊಡುವ ಶಿಫಾರಸು ಪತ್ರ. ‘ಇವರು ತೀರ ಬಡವರಾಗಿದ್ದು ಸಹಾಯಕ್ಕೆ ಅರ್ಹರಿರುತ್ತಾರೆ’ ಎಂಬ ಒಂದೇ ಸಾಲಿನ ಪತ್ರವನ್ನು ಕೇಳಿದವರಿಗೆಲ್ಲ ಕೊಟ್ಟರೆ ಕೆಲವೇ ವರ್ಷಗಳಲ್ಲಿ ಆ ಪಂಚಾಯತಿಯ ಮೊಹರಿಗೆ ಬೆಲೆಯಿಲ್ಲದಂತಾಗುತ್ತದೆ. ಮನೆ ಭೇಟಿಗೆ ಬರುವ ಸಂಸ್ಥೆಯವರು ಪತ್ರದಲ್ಲಿದ್ದುದನ್ನೂ ಅಂಗಳದಲ್ಲಿದ್ದುದನ್ನೂ ಹೋಲಿಸಿ ನೋಡುತ್ತಾರೆ. ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ, ಯಾವ ಕೆಲಸ, ಜಮೀನು ಎಷ್ಟು ಸೆಂಟ್ಸ್, ಕಾಯಿಲೆಯವರಿದ್ದಾರೆಯೇ, ಸಾಲವಿದೆಯೇ, ಸದಸ್ಯರು ಸ್ವತಃ ಮನೆಗೆ ಹೋಗಿ ನೋಡಿದ್ದು ಯಾವಾಗ, ಇಷ್ಟನ್ನು ಐದಾರು ಸಾಲುಗಳಲ್ಲಿ ಬರೆದರೆ ಸಾಕು. ವಿಶೇಷಣಗಳು ಬೇಡ. ಸ್ಥಿತಿವಂತರ ಮಗನಿಗೆ ಪತ್ರ ನಿರಾಕರಿಸುವುದು ಕಷ್ಟ, ಮತದಾರರು ಮುನಿಸಿಕೊಳ್ಳುತ್ತಾರೆ. ಆದರೆ ಆ ಪತ್ರದಿಂದ ಹೋಗುವುದು ಅದೇ ವಾರ್ಡಿನ ಗೇರುಬೀಜ ಕಾರ್ಖಾನೆಯ ಕೆಲಸದಾಕೆಯ ಮಗಳ ಸ್ಥಾನ.

ಅರ್ಜಿಗೆ ಶುಲ್ಕ ಕೇಳುವವರು, ಮಂಜೂರಾತಿಗೆ ಕಮಿಷನ್ ಕೇಳುವವರು, ದೂರವಾಣಿಯಲ್ಲಿ ಒಟಿಪಿ ಕೇಳುವವರು ಯಾವ ಪ್ರತಿಷ್ಠಾನದ ಹೆಸರು ಹೇಳಿದರೂ ನಂಬಬಾರದೆಂದು ಮನೆಯವರಿಗೆ ತಿಳಿಸಬೇಕು.

ವ್ಯವಸ್ಥೆಗೆ ಹೆಚ್ಚಿನ ಹಣ ಬೇಕಿಲ್ಲ. ಗ್ರಾಮ ಪಂಚಾಯತ್ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿವೆ. ಅಲ್ಲಿ ಒಂದು ಫಲಕ, ಒಂದು ವಹಿ, ಗಣಕಯಂತ್ರವಿದ್ದರೆ ವಾರದಲ್ಲಿ ಒಂದು ಸಂಜೆ ಅರ್ಜಿ ತುಂಬಲು ನೆರವಾಗುವ ಒಬ್ಬ ಹಿರಿಯ ವಿದ್ಯಾರ್ಥಿ, ಇಷ್ಟು ಸಾಕು. ಈ ಗ್ರಾಮಗಳ ಮಕ್ಕಳು ಕೋಟ, ಕುಂದಾಪುರ, ಬ್ರಹ್ಮಾವರಗಳ ಬೇರೆ ಬೇರೆ ಕಾಲೇಜುಗಳಿಗೆ ಹಂಚಿಹೋಗುವುದರಿಂದ ಯಾವ ಒಂದು ಕಾಲೇಜಿನ ಪಟ್ಟಿಯೂ ಗ್ರಾಮದ ಪಟ್ಟಿಯಾಗದು. ವಾರ್ಡುವಾರು ಹೆಸರು ಬರೆಯುವುದೊಂದೇ ದಾರಿ. ವಹಿಯಲ್ಲಿ ಮಗುವಿನ ಹೆಸರು, ಸೇರಬಯಸುವ ಕೋರ್ಸು, ಅರ್ಜಿ ಹಾಕಿದ ಸಂಸ್ಥೆ, ಗಡುವು, ಬಂದ ಉತ್ತರ, ನವೀಕರಣದ ತಿಂಗಳು ಇರಲಿ. ಮನೆಯ ಆದಾಯದ ವಿವರವನ್ನು ಆ ವಹಿಯಲ್ಲಿ ಬರೆಯಬಾರದು. ಅದು ಎಲ್ಲರ ಕಣ್ಣಿಗೂ ಬೀಳುವಂಥದ್ದು. ಮಾರ್ಚ್ ತಿಂಗಳ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಲು ಸದಸ್ಯರು ಅಧ್ಯಕ್ಷರಿಗೆ ಮುಂಚಿತವಾಗಿ ಲಿಖಿತ ಸೂಚನೆ ನೀಡಿದರೆ, ಏಪ್ರಿಲ್‌ನಲ್ಲಿ ಫಲಿತಾಂಶ ಬರುವ ವೇಳೆಗೆ ವಹಿಯ ಮೊದಲ ಪುಟ ತುಂಬಿರುತ್ತದೆ.