ಮೊದಲ ಪುಸ್ತಕ, ಮೊದಲ ರಾಗ

ಹೊಸದೊಂದು ವಿಷಯದಲ್ಲಿ ಆಸಕ್ತಿ ಹುಟ್ಟುವುದು ದೊಡ್ಡ ಸಂಗತಿಯೇನಲ್ಲ. ತಂತಿಯ ಮೇಲೆ ಕುಳಿತ ನೀಲಿ ರೆಕ್ಕೆಯ ಹಕ್ಕಿಯನ್ನು ಕಂಡಾಗ, ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಅಂಗಾತ ಮಲಗಿದಾಗ, ರೇಡಿಯೋದಲ್ಲಿ ಯಾರೋ ಹಾಡುತ್ತಿದ್ದುದು ಅರ್ಥವಾಗದೆಯೂ ಹಿಡಿದು ನಿಲ್ಲಿಸಿದಾಗ, ಅದು ಯಾರಲ್ಲಿಯಾದರೂ ಹುಟ್ಟುತ್ತದೆ. ಹುಟ್ಟಿದ್ದು ಬದುಕಿ ಉಳಿಯುವುದೇ ಕಷ್ಟ. ಬಹುಮಟ್ಟಿಗೆ ಅದರ ಅಳಿವು ಉಳಿವು ಮೊದಲು ಕೈಗೆ ಸಿಕ್ಕ ಪುಸ್ತಕವನ್ನು, ಮೊದಲು ಕಿವಿಗೆ ಬಿದ್ದ ಹಾಡನ್ನು ಅವಲಂಬಿಸಿರುತ್ತದೆ. ಮೊದಲನೆಯದು ತಪ್ಪಿದರೆ ಎರಡನೆಯದನ್ನು ಕೇಳಲು ಯಾರೂ ಬರುವುದಿಲ್ಲ. "ಇದು ನಮ್ಮಂಥವರಿಗಲ್ಲ" ಎಂದು ಮನೆಗೆ ಹೋಗಿಬಿಡುತ್ತಾರೆ.

ನಮ್ಮ ಸಂತಪುರದ ಕಡೆ, ಔರಾದ ಭಾಲ್ಕಿ ಬೀದರುಗಳಲ್ಲಿಯೂ ಅಷ್ಟೆ, ಹತ್ತನೆಯ ತರಗತಿ ಮುಗಿದ ಹುಡುಗರಲ್ಲಿ ಅನೇಕರು ಕೆಲಸ ಹುಡುಕಿಕೊಂಡು ಹೈದರಾಬಾದಿಗೋ ಪುಣೆಗೋ ನಡೆಯುತ್ತಾರೆ. ಹುಡುಗಿಯರಿಗೆ ಮನೆಗೆಲಸದ ಹೊರೆ ಬೀಳುತ್ತದೆ. ಪಠ್ಯಪುಸ್ತಕವಲ್ಲದ ಪುಸ್ತಕವನ್ನು ತಾವಾಗಿ ಆರಿಸಿ ಓದುವ ಅವಕಾಶ ಅವರಿಗೆ ಒಂದೋ ಎರಡೋ ಬಾರಿ ಮಾತ್ರ ಬರುತ್ತದೆ. ಆದುದರಿಂದಲೇ ಈ ಆಯ್ಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದೆಂದು ನನ್ನ ಅಭಿಪ್ರಾಯ.

ಹಿಟ್ಟಿನ ಗಿರಣಿ ನಡೆಸುವ ಹೆಣ್ಣುಮಗಳೊಬ್ಬಳಿಗೆ ನಕ್ಷತ್ರಗಳ ಬಗ್ಗೆ ತಿಳಿಯುವ ಆಸೆಯಾಯಿತು. ಓದಿದ್ದು ಏಳನೆಯ ಇಯತ್ತೆ. ಯಾರೋ ಕೊಟ್ಟ ದಪ್ಪ ಪುಸ್ತಕವನ್ನು ಹತ್ತು ದಿನ ಇಟ್ಟುಕೊಂಡು ನನ್ನ ಬಳಿ ತಂದಳು. "ಸರ್, ಇದು ಮೊದಲೇ ಗೊತ್ತಿದ್ದವರ ಸಲುವಾಗಿ ಬರದದ್ದ ಅದ್ರಿ" ಎಂದಳು. ಪುಸ್ತಕ ವಿಮರ್ಶೆ ಬರೆಯುವ ಎಷ್ಟೋ ಜನರಿಂದ ಇಷ್ಟು ಖಚಿತವಾದ ಮಾತನ್ನು ನಾನು ಕೇಳಿಲ್ಲ.

ಹಾಗೆಂದು ಆಕೆಗೆ ಏನೂ ಗೊತ್ತಿರಲಿಲ್ಲವೇ? ರೋಹಿಣಿ ಮಳೆ, ಮಿರಗದ ಮಳೆ, ಆರಿದ್ರಾ ಮಳೆ ಎಂದು ವರ್ಷವಿಡೀ ನಕ್ಷತ್ರಗಳ ಹೆಸರಿನಲ್ಲಿಯೇ ಬಿತ್ತನೆಯ ಲೆಕ್ಕ ಹಾಕುವ ಮನೆ ಅವಳದು. ಆರಂಭಿಸಬೇಕಾದದ್ದು ಅಲ್ಲಿಂದ. ಜೂನ್ ತಿಂಗಳ ಮೊದಲ ವಾರ ಕಳೆದ ಮೇಲೆ ಮಿರಗ ಹೂಡಿತು ಎನ್ನುತ್ತೇವಷ್ಟೆ. ಸೂರ್ಯ ಆಗ ಆಕಾಶದ ಆ ಭಾಗಕ್ಕೆ ಬಂದಿದ್ದಾನೆ ಎಂದರ್ಥ. ಸೂರ್ಯನೇ ಅಲ್ಲಿರುವಾಗ ಆ ನಕ್ಷತ್ರ ನಮಗೆ ಕಾಣುವುದೆಂತು? ಮಿರಗದ ಮಳೆಯಲ್ಲಿ ಮಿರಗ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಜನವರಿಯವರೆಗೆ ಕಾಯಬೇಕು. ಜೋಳ ನಿಂತಿರುವ ಆ ದಿನಗಳಲ್ಲಿ, ರಾತ್ರಿ ಎಂಟು ಗಂಟೆಯ ಹೊತ್ತಿಗೆ ಪೂರ್ವದ ಕಡೆ ಒಂದೇ ಸಾಲಿನಲ್ಲಿ ಮೂರು ಚುಕ್ಕೆಗಳು ಮೇಲೇರಿರುತ್ತವೆ. ಅವುಗಳ ಒಂದು ಬದಿಗೆ ಕೆಂಪಾಗಿ ಹೊಳೆಯುವುದೇ ಆರಿದ್ರಾ. ಇನ್ನೂ ಮೇಲೆ ರೋಹಿಣಿ, ಅದರಾಚೆ ಹಿಡಿಗಾಳು ಚೆಲ್ಲಿದಂತೆ ಕೃತ್ತಿಕೆ. ಇಷ್ಟನ್ನು ಕಣ್ಣಾರೆ ಗುರುತಿಸಿದವರಿಗೆ ಜಿ. ಟಿ. ನಾರಾಯಣರಾಯರು ಆಕಾಶ ವೀಕ್ಷಣೆಯ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕಗಳು ಆಮೇಲೆ ಭಾರವೆನಿಸುವುದಿಲ್ಲ. ಗಿರಣಿಯ ಆ ಹೆಣ್ಣುಮಗಳು ಈಗ ಅವುಗಳಲ್ಲಿ ಒಂದನ್ನು ಓದುತ್ತಿದ್ದಾಳೆ. ನಿಧಾನವಾಗಿ ಓದುತ್ತಾಳೆ, ಅವಸರವೇನು?

ಒಳ್ಳೆಯ ಮೊದಲ ಪುಸ್ತಕದ ಲಕ್ಷಣ ಇಲ್ಲಿಯೇ ಇದೆ. ಅದು ತಿಳಿಯದುದನ್ನು ತಿಳಿದುದರಿಂದ ಅಳೆದು ಕೊಡುತ್ತದೆ. ಇದಕ್ಕೆ ನನಗೆ ತೋರುವ ಅತ್ಯುತ್ತಮ ಉದಾಹರಣೆ ಸಲೀಂ ಅಲಿಯವರು 1941ರಲ್ಲಿ ಪ್ರಕಟಿಸಿದ ಭಾರತದ ಹಕ್ಕಿಗಳ ಪುಸ್ತಕ. 1930ರ ದಶಕದ ಆರಂಭದಲ್ಲಿ ನಿಜಾಮರ ಹೈದರಾಬಾದು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದವರು ಅವರೇ. ನಮ್ಮ ಜಿಲ್ಲೆ ಆಗ ಆ ಸಂಸ್ಥಾನದಲ್ಲಿಯೇ ಇತ್ತು. ಅಷ್ಟು ದೊಡ್ಡ ವಿದ್ವಾಂಸರು ಸಾಮಾನ್ಯ ಓದುಗನಿಗಾಗಿ ಬರೆಯಲು ಕುಳಿತಾಗ ಹಕ್ಕಿಯ ಗಾತ್ರವನ್ನು ಅಂಗುಲಗಳಲ್ಲಿ ಹೇಳಿ ಕೈತೊಳೆದುಕೊಳ್ಳಲಿಲ್ಲ. ಗುಬ್ಬಿಯಷ್ಟು, ಮೈನಾದಷ್ಟು, ಪಾರಿವಾಳದಷ್ಟು, ಕಾಗೆಯಷ್ಟು ಎಂದರು. ನಮ್ಮ ರಾಜ್ಯಪಕ್ಷಿಯಾದ ನೀಲಕಂಠ ಪಾರಿವಾಳದಷ್ಟು. ಗುಬ್ಬಿ ಕಾಗೆಗಳನ್ನು ಕಾಣದವರು ಯಾರಿದ್ದಾರೆ? ಅಳತೆಗೋಲು ಓದುಗನ ಮನೆಯಲ್ಲಿಯೇ ಇದೆ. ಆ ಪುಸ್ತಕ ಇಂಗ್ಲಿಷಿನದು. ಕನ್ನಡದಲ್ಲಿ ಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ 'ಮಿಂಚುಳ್ಳಿ' ಉಂಟು. ಗಿಡಮರಗಳ ವಿಚಾರಕ್ಕೆ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು'; 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕೃತಿ. ಅದರಲ್ಲಿ ಬರುವ ಗಿಡಗಳು ಬಹುಪಾಲು ಘಟ್ಟದ ಕಾಡಿನವು, ನಮ್ಮ ಎರೆಹೊಲದ ಬದುವಿನಲ್ಲಿ ಹುಡುಕಿದರೆ ಸಿಗಲಾರವು. ಆದರೇನು? ಗಿಡವೊಂದನ್ನು ನಗುನಗುತ್ತ ನೋಡುವ ರೀತಿ ಅದರಲ್ಲಿದೆ. ಆ ಕಣ್ಣಿನಿಂದ ನಮ್ಮ ಬನ್ನಿ, ಮುತ್ತುಗ, ಜಾಲಿಗಳನ್ನು ನೋಡಿಕೊಳ್ಳುವ ಕೆಲಸ ನಮ್ಮದು.

ಒಂದು ವಿಷಯದ ಶ್ರೇಷ್ಠ ಗ್ರಂಥವೇ ಅದರ ಮೊದಲ ಪುಸ್ತಕವೂ ಆಗಬೇಕೆಂಬ ಭ್ರಮೆ ಓದಿದವರಲ್ಲಿಯೇ ಹೆಚ್ಚು. ಬೀದರಿನ ಇತಿಹಾಸವೆಂದೊಡನೆ ಗುಲಾಂ ಯಜದಾನಿಯವರು 1947ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದ ಹೆಸರು ಹೇಳುತ್ತಾರೆ. ಅದು ಮಹಾಗ್ರಂಥವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗನನ್ನು ಮೊದಲು ಕರೆದೊಯ್ಯಬೇಕಾದದ್ದು 1472ರಲ್ಲಿ ಮಹಮೂದ್ ಗವಾನ ಕಟ್ಟಿಸಿದ ಮದರಸಾದ ಮುಂದಕ್ಕೆ. ಅರ್ಧ ಮುರಿದುಹೋದ ಆ ಕಟ್ಟಡದ ಗೋಡೆಯಲ್ಲಿ ಇನ್ನೂ ಉಳಿದಿರುವ ನೀಲಿ ಹಸಿರು ಹೆಂಚುಗಳನ್ನು ಕಂಡು, "ಉಳಿದ ಅರ್ಧ ಎಲ್ಲಿ ಹೋಯಿತು?" ಎಂದು ಅವನೇ ಕೇಳಲಿ. ಕೇಳಿದ ಮೇಲೆ ಯಜದಾನಿ. ಬಿದರಿ ಕಲೆಗೂ ಹೀಗೆಯೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಚಿತ್ತಾರ ಕೆತ್ತಿ, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ನವಸಾಗರಗಳ ದ್ರಾವಣದಲ್ಲಿ ಅದ್ದಿದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿಯೊಂದೇ ಬೆಳ್ಳಗೆ ಉಳಿಯುತ್ತದೆ. ಆ ಗಳಿಗೆಯನ್ನು ಕಾರಿಗರನ ಅಂಗಡಿಯಲ್ಲಿ ನಿಂತು ನೋಡಿದವನಿಗೆ ಪುಸ್ತಕ ತಾನಾಗಿ ಬೇಕೆನಿಸುತ್ತದೆ.

ನಾನು ಪಂಡಿತ ತರಬೇತಿ ಪಡೆದವನು. ಕೇಶಿರಾಜನ ಮೇಲೆ ನನಗೆ ಭಕ್ತಿ ಉಂಟು. ಆದರೂ ವ್ಯಾಕರಣದ ಆಸೆಯಿಂದ ಬಂದವರ ಕೈಗೆ 'ಶಬ್ದಮಣಿದರ್ಪಣ'ವನ್ನು ನಾನು ಕೊಡುವುದಿಲ್ಲ. ತೀ. ನಂ. ಶ್ರೀಕಂಠಯ್ಯನವರ 'ಕನ್ನಡ ಮಧ್ಯಮ ವ್ಯಾಕರಣ' ಕೊಡುತ್ತೇನೆ. ಕೇಶಿರಾಜ ಏಳೆಂಟು ಶತಮಾನ ಕಾದಿದ್ದಾನೆ, ಇನ್ನೆರಡು ವರ್ಷ ಕಾದರೆ ಅವನಿಗೇನೂ ನಷ್ಟವಿಲ್ಲ.

ಅಂಗಡಿಯಲ್ಲಾಗಲಿ ಗ್ರಂಥಾಲಯದಲ್ಲಾಗಲಿ ಪುಸ್ತಕವನ್ನು ಕೈಗೆತ್ತಿಕೊಂಡಾಗ ಮುನ್ನುಡಿಯನ್ನು ಓದಬೇಡಿ. ಮುನ್ನುಡಿ ಎಲ್ಲವೂ ಒಳ್ಳೆಯವೇ. ನಡುವಿನ ಒಂದು ಪುಟ ತೆರೆದು ನಿಂತಲ್ಲಿಯೇ ಓದಿ. ಅರ್ಥವಾಗದ ಮಾತು ಒಂದೆರಡು ಇದ್ದರೆ ಚಿಂತೆಯಿಲ್ಲ, ಸಾಲಿಗೊಂದು ಇದ್ದರೆ ಕೆಳಗಿಡಿ. ವಿಜ್ಞಾನದ ಪುಸ್ತಕವಾದರೆ ಅಚ್ಚಾದ ವರ್ಷವನ್ನು ನೋಡುವುದು ಅಗತ್ಯ. 2006ಕ್ಕಿಂತ ಹಳೆಯ ಪುಸ್ತಕದಲ್ಲಿ ಗ್ರಹಗಳು ಒಂಬತ್ತು. ಆ ವರ್ಷ ಪ್ಲೂಟೋವನ್ನು ಆ ಪಂಕ್ತಿಯಿಂದ ಎಬ್ಬಿಸಿದರು. ಹಾಗೆಂದು ಹಳೆಯದನ್ನೆಲ್ಲ ತಳ್ಳಿಹಾಕಬೇಕೆಂದಲ್ಲ. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಹೊರತಂದ ಮೂರು ಸಂಪುಟಗಳ 'ಬಾಲಪ್ರಪಂಚ'ದ ಮಾಹಿತಿ ಹಳೆಯದಾಯಿತು. ಆದರೆ ಒಬ್ಬ ಮನುಷ್ಯ ಜಗತ್ತನ್ನೆಲ್ಲ ಕನ್ನಡದ ಮಕ್ಕಳಿಗೆ ತಿಳಿಸಿಯೇ ಸೈ ಎಂದು ಕುಳಿತ ಉತ್ಸಾಹ ಹಳೆಯದಾಗಿಲ್ಲ. ನಿರಂಜನರ ಸಂಪಾದಕತ್ವದಲ್ಲಿ ಬಂದ ಏಳು ಸಂಪುಟಗಳ 'ಜ್ಞಾನಗಂಗೋತ್ರಿ' ಹಳೆಯ ಗ್ರಂಥಾಲಯಗಳ ಕಪಾಟಿನಲ್ಲಿ ಇನ್ನೂ ಸಿಕ್ಕೀತು. ಯಾವ ವಿಷಯದಲ್ಲಿ ತನಗೆ ಆಸಕ್ತಿ ಎಂಬುದೇ ತಿಳಿಯದ ಹುಡುಗನನ್ನು ಅದರ ಮುಂದೆ ಒಂದು ಮಧ್ಯಾಹ್ನ ಕೂರಿಸಿ. ಎಲ್ಲಿ ಪುಟ ತಿರುವುವುದನ್ನು ನಿಲ್ಲಿಸುತ್ತಾನೋ ಅದು ಅವನ ವಿಷಯ.

ಇನ್ನು ಸಂಗೀತ. ಪುಸ್ತಕಕ್ಕಿಂತ ಇಲ್ಲಿ ಹೆದರಿಕೆ ಹೆಚ್ಚು. ಪುಸ್ತಕವನ್ನು ಮುಚ್ಚಿಡಬಹುದು, ಕಛೇರಿಯ ನಡುವೆ ಎದ್ದು ಹೋಗುವುದು ಹೇಗೆ? ಆ ಮಟ್ಟಿಗೆ ರೇಡಿಯೋ ದೊಡ್ಡ ಉಪಕಾರಿ. ನಮ್ಮ ಕಡೆಯ ಮನೆಗಳು ಮೊದಲು ಹೈದರಾಬಾದನ್ನು ಕೇಳುತ್ತಿದ್ದವು, 1950ರಲ್ಲಿ ಧಾರವಾಡ ಕೇಂದ್ರ ಬಂತು, 1966ರಲ್ಲಿ ಗುಲಬರ್ಗಾ. ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1952ರಲ್ಲಿ. ದೊಡ್ಡ ದೊಡ್ಡ ಉಸ್ತಾದರು ಹಳ್ಳಿಯ ಪಡಸಾಲೆಗೆ ಬಂದು ಹಾಡಿದರು. ಬೇಡವೆನಿಸಿದಾಗ ಕಿವಿ ತಿರುವಿದರೆ ಅವರು ಸಿಟ್ಟಾಗಲಿಲ್ಲ.

ಆದರೆ ಯಾವುದನ್ನು ಮೊದಲು ಕೇಳಬೇಕು? ಇಲ್ಲಿಯೂ ಅದೇ ಅಳತೆಗೋಲು. ಬಸವಣ್ಣನವರ ನಾಲ್ಕು ವಚನ ಬಾಯಿಗೆ ಬಾರದ ಮನೆ ನಮ್ಮ ಕಡೆ ಅಪರೂಪ. ಕಲ್ಯಾಣವೇ ನಮ್ಮ ಜಿಲ್ಲೆಯಲ್ಲಿದೆ. ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳನ್ನು, ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನಗಳನ್ನು ಕೇಳಿ. ಮಾತು ಮೊದಲೇ ಗೊತ್ತಿರುವುದರಿಂದ ಮನಸ್ಸು ಅರ್ಥವನ್ನು ಹುಡುಕುತ್ತ ಓಡುವುದಿಲ್ಲ. ಕಿವಿಗೆ ಬಿಡುವು ಸಿಕ್ಕುತ್ತದೆ, ಅದು ಸ್ವರದ ಹಿಂದೆ ಹೋಗುತ್ತದೆ. ಒಂದೇ ಮಾತನ್ನು ಮೂರನೆಯ ಬಾರಿ ಹಾಡುವಾಗ ಅದು ಬೇರೆಯಾಗಿ ಕೇಳಿಸಿತಲ್ಲ ಎಂದು ನಿಮಗೇ ಅನಿಸಿದ ಕ್ಷಣದಲ್ಲಿ ನೀವು ಅರ್ಧ ದಾರಿ ಬಂದಿರಿ. ಅದೇ ಮನಸೂರರ ಖ್ಯಾಲನ್ನು ಆಮೇಲೆ ಕೇಳಿದರೆ ಗುರುತಿನವರ ಮನೆಗೆ ಹೋದಂತಿರುತ್ತದೆ. ಅವರ ಆತ್ಮಕಥೆ 'ನನ್ನ ರಸಯಾತ್ರೆ' ಓದಿಕೊಂಡರಂತೂ ಸರಿಯೇ ಸರಿ. ಸಂಗೀತಶಾಸ್ತ್ರದ ಪುಸ್ತಕಕ್ಕಿಂತ ಮೊದಲು ಸಂಗೀತಗಾರನ ಬಾಳಿನ ಪುಸ್ತಕವನ್ನು ಓದಬೇಕೆಂಬುದು ನನ್ನ ಪಕ್ಷ. ದಕ್ಷಿಣಾದಿಯ ಕಡೆ ಒಲವಿದ್ದವರು ಮೈಸೂರು ವಾಸುದೇವಾಚಾರ್ಯರ 'ನಾ ಕಂಡ ಕಲಾವಿದರು' ಹಿಡಿಯಲಿ.

ಎರಡನೆಯ ಮಾತು, ಚಿಕ್ಕದರಿಂದ ಆರಂಭಿಸಿ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಮೂರು ಮೂರೂವರೆ ನಿಮಿಷದ ಹಾಡಷ್ಟೇ ಹಿಡಿಯುತ್ತಿತ್ತು. ದೊಡ್ಡ ಗಾಯಕರು ರಾಗವೊಂದರ ತಿರುಳನ್ನು ಅಷ್ಟರಲ್ಲಿ ಕೊಡಬೇಕಾಗಿತ್ತು. ಗದಗಿನ ಬಾಲಕನೊಬ್ಬ ಅಂಗಡಿಯಲ್ಲಿ ಹಾಕಿದ್ದ ಅಬ್ದುಲ್ ಕರೀಂ ಖಾನರ ಅಂಥದೊಂದು ತಟ್ಟೆ ಕೇಳಿ, ಹಾಗೆ ಹಾಡಲೇಬೇಕೆಂದು ಹನ್ನೊಂದನೆಯ ವಯಸ್ಸಿನಲ್ಲಿ, 1933ರಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟ. ಅವರೇ ಭೀಮಸೇನ ಜೋಶಿ. ಮೂರು ನಿಮಿಷ ಕಡಮೆಯಾಯಿತೆಂದು ಯಾರೂ ಹೇಳುವಂತಿಲ್ಲ. ಆ ಹಾಡುಗಳೆಲ್ಲ ಈಗ ಕೈಯಲ್ಲಿನ ಫೋನಿನಲ್ಲಿಯೇ ಸಿಗುತ್ತವೆ. ಸಿಗುವುದು ಕಷ್ಟವಲ್ಲ, ಒಂದರಲ್ಲಿ ನಿಲ್ಲುವುದು ಕಷ್ಟ. ಒಂದು ರಾಗ ಹಿಡಿದು ಒಂದು ತಿಂಗಳು ಅದನ್ನೇ ಕೇಳಿ. ಭೂಪ ಒಳ್ಳೆಯದು, ಐದೇ ಸ್ವರ, ದಕ್ಷಿಣಾದಿಯವರು ಮೋಹನ ಎನ್ನುವುದೂ ಅದನ್ನೇ. ಮುಂದಿನ ತಿಂಗಳು ಮಾಲಕಂಸ, ಅಲ್ಲಿಯ ಹಿಂದೋಳ. ವಿವಿಧಭಾರತಿಯ 'ಸಂಗೀತ ಸರಿತಾ' ರಾಗವನ್ನು ಪರಿಚಯಿಸುವಾಗ ಅದೇ ರಾಗದ ಸಿನಿಮಾ ಹಾಡನ್ನೂ ಕೇಳಿಸುತ್ತಿತ್ತು. ಇದನ್ನು ಕಂಡು ಮೂಗು ಮುರಿದ ಪಂಡಿತರಿದ್ದರು. ನಾನು ಮುರಿಯಲಾರೆ. ಗುಬ್ಬಿಯಷ್ಟು, ಕಾಗೆಯಷ್ಟು ಎಂದಂತೆಯೇ ಅದು.

ಎದುರಿಗೆ ಕುಳಿತು ಕೇಳುವ ಆಸೆಯಿದ್ದು ಕಛೇರಿಯ ಭಯವಿದ್ದವರು ಬೀದರಿನ ನಾನಕ ಝಿರಾ ಗುರುದ್ವಾರಕ್ಕೆ ಹೋಗಬಹುದು. ಸಿಖ್ಖರ ಧರ್ಮಗ್ರಂಥದ ಬಹುಭಾಗ ರಾಗಗಳ ಕ್ರಮದಲ್ಲಿಯೇ ಜೋಡಿಸಿದ್ದು, 31 ರಾಗಗಳು. ಹಾರ್ಮೋನಿಯಂ ತಬಲಾಗಳೊಡನೆ ಕೀರ್ತನೆ ನಡೆಯುತ್ತಿರುತ್ತದೆ. ತಲೆಗೆ ವಸ್ತ್ರ ಸುತ್ತಿಕೊಂಡು ಒಂದು ಮೂಲೆಯಲ್ಲಿ ಕುಳಿತರೆ, ನಿನಗೆ ರಾಗಜ್ಞಾನ ಉಂಟೇ ಎಂದು ಯಾರೂ ಕೇಳುವುದಿಲ್ಲ.

ಕೊನೆಗೆ ಭಾಷೆಯ ಮಾತು. ಮೊದಲ ಪುಸ್ತಕ ಮನೆಯ ಮಾತಿನಲ್ಲಿರಬೇಕು. ನಮ್ಮ ಕಡೆ ಇದು ಸಲೀಸಾಗಿ ಒದಗಿದ್ದಲ್ಲ. ನಿಜಾಮರ ಕಾಲದಲ್ಲಿ ಶಾಲೆಯ ಮಾತು ಉರ್ದು. ಕಮಲನಗರದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಅಲ್ಲಿ ಅ ಆ ತಿದ್ದಿದವರಿಗೆ ಮೊದಲ ಪುಸ್ತಕವೆಂದರೆ ಏನೆಂಬುದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಸಂತಪುರದ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳಿಸುತ್ತವೆ; ಔರಾದ ದಾಟಿದರೆ ತೆಲುಗೂ ದೂರವಲ್ಲ. ಪಕ್ಕದ ಮನೆಯ ಹುಡುಗಿಯ ಮನೆಮಾತು ಮರಾಠಿಯಾಗಿದ್ದರೆ ಅವಳ ಮೊದಲ ಪುಸ್ತಕ ಮರಾಠಿಯಲ್ಲಿಯೇ ಇರಲಿ, ನಾನು ಕನ್ನಡದ ಮಾಸ್ತರನಾದರೂ ಅದನ್ನೇ ಹೇಳುತ್ತೇನೆ. ಕನ್ನಡದವರಿಗೂ ನೆರೆಯ ಮಾತು ಉಪಯೋಗಕ್ಕೆ ಬಾರದೆ ಹೋಗುವುದಿಲ್ಲ. ಉದಗೀರ 1956ರವರೆಗೆ ನಮ್ಮ ಬೀದರ ಜಿಲ್ಲೆಯಲ್ಲಿಯೇ ಇತ್ತು; ಮದುವೆ ಸಂತೆಗಳಿಗೆ ಈಗಲೂ ಹೋಗಿಬರುತ್ತೇವೆ. ಹೋದಾಗ ಪುಸ್ತಕದ ಅಂಗಡಿಯಲ್ಲಿ ವಿಷ್ಣು ನಾರಾಯಣ ಭಾತಖಂಡೆಯವರ 'ಕ್ರಮಿಕ ಪುಸ್ತಕ ಮಾಲಿಕೆ' ಇದೆಯೇ ಎಂದು ವಿಚಾರಿಸಿ. ಮರಾಠಿಯಲ್ಲಿ ಬರೆದದ್ದು, ಆರು ಭಾಗ. ಹೆಸರಿನಲ್ಲಿಯೇ ಕ್ರಮವಿದೆ. ಅಂಗಡಿಯವರು ಆರನ್ನೂ ಕಟ್ಟಿಕೊಡಲು ಬಂದಾರು; ಒಂದನೆಯ ಭಾಗ ಮಾತ್ರ ತನ್ನಿ.